ಕಪ್ಪತಗುಡ್ಡದ ಕಲ್ಲಿನ ಕತೆ ಮಕ್ಕಳಿಗೂ ಗೊತ್ತಾಗಲಿ

ಮಾನ್ಯರೇ,

ಗದಗ ಜಿಲ್ಲೆಯ ಕಪ್ಪತಗುಡ್ಡ ಅಂದ ಕೂಡಲೇ ಔಷಧಿ ಗಿಡಗಳ ಮಾತು ಬರುತ್ತದೆ, ಚಿನ್ನದ ಮಾತು ಬರುತ್ತದೆ. ಗುಡ್ಡ ಹೇಗಾಯಿತು ಎಂದು ಕೇಳುವವರು ಕಡಿಮೆ. ಇಲ್ಲಿನ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು. ಕಬ್ಬಿಣದ ಕಲ್ಲೊಂದನ್ನು ಹತ್ತಿರದಿಂದ ನೋಡಿ. ಕೆಂಪು, ಕಪ್ಪು ಪಟ್ಟೆಗಳು ಪದರ ಪದರವಾಗಿ ಕಾಣುತ್ತವೆ. ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದ ಕೆಸರು ಅದು. ಗದಗಿನಲ್ಲಿ ಸಮುದ್ರ! ನಂಬೋದೇ ಕಷ್ಟ ಅಲ್ವಾ? ಆಮೇಲೆ ಭೂಮಿಯ ಒತ್ತಡಕ್ಕೆ ಪದರಗಳು ಮಡಚಿಕೊಂಡು ಮೇಲೆದ್ದವು. ಬಿಸಿಲು, ಗಾಳಿ, ಮಳೆಗೆ ಸುತ್ತಲಿನ ಮೆತ್ತನೆ ಕಲ್ಲು ಸವೆದು ಹೋಯಿತು. ಗಟ್ಟಿ ಕಲ್ಲು ಗುಡ್ಡದ ಸಾಲಾಗಿ ಉಳಿಯಿತು.

ಆ ಸವೆತ ಇವತ್ತಿಗೂ ನಿಂತಿಲ್ಲ. ಜೋರು ಮಳೆಗೆ ಹಳ್ಳದ ನೀರು ಕೆಂಪಾಗುವುದು ಅದಕ್ಕೇ. ಹುಲ್ಲು, ಗಿಡ ಇದ್ದರೆ ಮಣ್ಣು ನಿಲ್ಲುತ್ತದೆ. ಬೆಂಕಿ ಬಿದ್ದು ಬೋಳಾದ ಇಳಿಜಾರಿನಲ್ಲಿ ಬೇಗ ಕೊರಕಲು ಬೀಳುತ್ತದೆ. 2019ರಲ್ಲಿ ಇದು ವನ್ಯಜೀವಿ ಧಾಮವಾದದ್ದು ಖುಷಿಯ ವಿಷಯ. ಆದರೂ ಬೇಸಿಗೆಯಲ್ಲಿ ಬೆಂಕಿ ಕಾವಲು ಇನ್ನೂ ಜಾಸ್ತಿ ಆಗಬೇಕು. ಕಪ್ಪತ ಮಲ್ಲೇಶ್ವರ ಗುಡಿಯ ದಾರಿಯಲ್ಲಿ ಈ ಕಲ್ಲುಗಳ ಬಗ್ಗೆ ಕನ್ನಡದ ಫಲಕ ಹಾಕಿಸಬೇಕೆಂದು ಅರಣ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

— ಓದುಗ, ಮುಂಡರಗಿ