ಅಲಾಯ್ ಬಿಲ್ಲಿನಲ್ಲಿ ಜೆ, ಇಟಿ ಬರೆಯಲಿ

ಮಾನ್ಯ ಸಂಪಾದಕರಿಗೆ,

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಆಕ್ಟೇವಿಯಾ, ಸ್ಲಾವಿಯಾ, ವರ್ಟಸ್, ಸಿವಿಕ್‌ನಂತಹ ಚುರುಕಿನ ಸೆಡಾನ್‌ಗಳಿಗೆ ಹೊರಗಿನ ಅಲಾಯ್ ವ್ಹೀಲ್ ಹಾಕಿಸುವ ಖಯಾಲಿ ಜೋರಾಗಿದೆ. ಹಾಕಿಸಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಗಡಿಯಲ್ಲಿ ನಡೆಯುವ ಮಾತುಕತೆ ಬಹುಪಾಲು ಇಷ್ಟೇ: "ಅಣ್ಣಾ, ಇದಕ್ಕ ಹದಿನೆಂಟು ಇಂಚಿಂದು ಕೂಡತೈತೇನು?" "ಕೂಡತೈತಿ ಬರ್ರಿ ಸರ್, ಹತ್ತಿದ್ರ ಆಮ್ಯಾಲ ನೋಡೂಣು." ಬಿಲ್ಲಿನ ಮೇಲೂ ‘18 ಇಂಚು ಅಲಾಯ್, 4 ನಗ’ ಎಂದಷ್ಟೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಮೊದಲ ಹಂಪ್ ಹಾರಿದಾಗ ಟೈರು ಫೆಂಡರಿಗೆ (ಗಾಲಿಯ ಮೇಲಿನ ತಗಡಿನ ಕಮಾನಿಗೆ) ತಿಕ್ಕಿ ‘ಗರ್ರ್’ ಎಂದರೆ, ಮಾಲೀಕನ ಕೈಯಲ್ಲಿ ವಾದಿಸಲು ಒಂದು ಅಂಕಿಯೂ ಇರುವುದಿಲ್ಲ. ಟೈರು ಅಂಗಡಿಯವರು ಬಿಲ್ಲಿನಲ್ಲಿ ರಿಮ್ಮಿನ ಜೆ, ಇಟಿ, ಪಿಸಿಡಿ (ಬೋಲ್ಟು ತೂತುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ), ನಡುತೂತಿನ ಅಳತೆಗಳನ್ನು ಬರೆದುಕೊಡಬೇಕು, ಗಿರಾಕಿಗಳು ಕೇಳಿ ಬರೆಸಿಕೊಳ್ಳಬೇಕು ಎಂಬುದೇ ಈ ಪತ್ರದ ಒತ್ತಾಯ.

ಟೈರು ಎಲ್ಲಿ ತಿಕ್ಕುತ್ತದೆ ಎಂಬುದನ್ನು ಇಂಚು ಹೇಳುವುದಿಲ್ಲ. ಅದನ್ನು ಹೇಳುವುದು ರಿಮ್ಮಿನ ಹಿಂಭಾಗದಲ್ಲಿ ಅಚ್ಚಾಗಿರುವ ಎರಡು ಅಂಕಿಗಳು. ಜೆ ಅಕ್ಷರದ ಜೊತೆಗಿರುವ ಅಂಕಿ ರಿಮ್ಮಿನ ಅಗಲ, ಇಂಚಿನಲ್ಲಿ. ಇಟಿ ಎಂದರೆ ಆಫ್‌ಸೆಟ್: ರಿಮ್ಮಿನ ಅಗಲದ ನಟ್ಟನಡುವಿನ ಗೆರೆಯಿಂದ ಹಬ್ಬಿಗೆ (ಗಾಲಿಯನ್ನು ಬಿಗಿಯುವ ಅಚ್ಚಿನ ತುದಿಗೆ) ಕೂಡುವ ಮೈ ಎಷ್ಟು ಮಿಲಿಮೀಟರ್ ಹೊರಬದಿಗಿದೆ ಎಂಬ ಲೆಕ್ಕ. ಇಟಿ ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತದೆ, ಹೆಚ್ಚಾದಷ್ಟೂ ಒಳಗೆ ಸರಿಯುತ್ತದೆ.

ಕಾರಿನ ಮೂಲ ರಿಮ್ಮು 6.5 ಜೆ, ಇಟಿ 46 ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಚೆಂದ ಕಂಡದ್ದು 8 ಜೆ, ಇಟಿ 35. ಅಗಲ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹೆಚ್ಚಾಯಿತು, ಆ ಕಡೆ 19, ಈ ಕಡೆ 19. ಇಟಿ 11 ಇಳಿದದ್ದರಿಂದ ಇಡೀ ಗಾಲಿ 11 ಮಿ.ಮೀ. ಹೊರಗೆ ಸರಿಯಿತು. ಹಾಗಾಗಿ ಹೊರ ಅಂಚು 30 ಮಿ.ಮೀ. ಹೊರಗೆ, ಒಳ ಅಂಚು 8 ಮಿ.ಮೀ. ಒಳಗೆ. ಆ 30 ಮಿ.ಮೀ. ಜಾಗ ಹಿಂದಿನ ಫೆಂಡರಿನಲ್ಲಿ ಸಾಮಾನ್ಯ ಸೆಡಾನ್‌ಗೆ ಇರುವುದಿಲ್ಲ. ಅದೇ ಕಾರಿಗೆ 7.5 ಜೆ, ಇಟಿ 45 ತಂದರೆ ಹೊರಗೆ ಸುಮಾರು 14, ಒಳಗೆ ಸುಮಾರು 12 ಮಿ.ಮೀ. ಮಾತ್ರ. ಎರಡೂ ರಿಮ್ಮು 17 ಇಂಚಿನವೇ ಇರಬಹುದು, 18ರವೇ ಇರಬಹುದು, ಲೆಕ್ಕ ಬದಲಾಗದು. ಕಾಗದ, ಪೆನ್ಸಿಲ್ಲು ಹಿಡಿದರೆ ಎರಡು ನಿಮಿಷದ ಕೆಲಸ.

ಇನ್ನು ಟೈರು. 205/55 ಆರ್16 ಎಂದರೆ ಅಗಲ 205 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ 55, ರಿಮ್ಮು 16 ಇಂಚು. ಅದರ ಒಟ್ಟು ಎತ್ತರ 632 ಮಿ.ಮೀ. ಅದರ ಬದಲಿಗೆ 225/45 ಆರ್17 ಹಾಕಿದರೆ 634, 225/40 ಆರ್18 ಹಾಕಿದರೆ 637. ಎರಡೂ ಶೇ 1ರೊಳಗೇ ಇವೆ, ಸ್ಪೀಡೋಮೀಟರ್ ಹೆಚ್ಚು ಕಡಿಮೆ ಆಗುವುದಿಲ್ಲ. ನಮ್ಮಲ್ಲಿ ಆಗುವ ಯಡವಟ್ಟು ಬೇರೆ. ‘ನಮ್ಮ ರೋಡು ಸರಿ ಇಲ್ಲ, ಸ್ವಲ್ಪ ಎತ್ತರದ ಟೈರು ಹಾಕು’ ಎಂದು 225/50 ಆರ್17 ಹಾಕಿಸುತ್ತಾರೆ. ಎತ್ತರ 657ಕ್ಕೆ ಏರುತ್ತದೆ, ಶೇ 4ರ ಹತ್ತಿರ. ಕಾರು ನೆಲದಿಂದ 12 ಮಿ.ಮೀ. ಮೇಲೆದ್ದಿತು ಎಂದು ಖುಷಿಪಡುವಾಗಲೇ ಟೈರಿನ ನೆತ್ತಿ ಫೆಂಡರಿಗೆ ಅಷ್ಟೇ 12 ಮಿ.ಮೀ. ಹತ್ತಿರವಾಗಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಲೈನರಿಗೆ (ಫೆಂಡರಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ) ತಾಗುವುದೂ ಇದರಿಂದಲೇ. ಜೊತೆಗೆ ಒಂದೇ 225 ಎಂದು ಬರೆದಿದ್ದರೂ ಒಂದು ಕಂಪನಿಯ ಟೈರಿನ ಭುಜ ಚೌಕ, ಇನ್ನೊಂದರದು ದುಂಡಗೆ. ಚೌಕ ಭುಜದ್ದು ತಿಕ್ಕುವ ಕಡೆ ದುಂಡಗಿನದು ಆರಾಮಾಗಿ ಪಾರಾಗುತ್ತದೆ. ರಿಮ್ಮು ಅರ್ಧ ಇಂಚು ಅಗಲವಾದರೆ ಅದೇ ಟೈರು ಸುಮಾರು 5 ಮಿ.ಮೀ. ಅಗಲಕ್ಕೆ ಹರಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಲೋಡ್ ಇಂಡೆಕ್ಸ್, ಅಂದರೆ ಟೈರು ಹೊರುವ ಭಾರದ ಸಂಕೇತ, ನೋಡುವವರೇ ಅಪರೂಪ. 91 ಎಂದರೆ ಒಂದು ಟೈರಿಗೆ 615 ಕೆ.ಜಿ., 87 ಎಂದರೆ 545. ಮೂಲ ಟೈರು 91ರದ್ದಿದ್ದು, ಅದರ ಜಾಗಕ್ಕೆ 215/45 ಆರ್17ರಲ್ಲಿ 87ರದ್ದು ಹಾಕಿದರೆ ಗಾಲಿಗೆ 70 ಕೆ.ಜಿ. ಕಡಿತ. ಅದೇ ಅಳತೆಯಲ್ಲಿ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಟೈರು) ಎಂದು ಬರೆದ 91ರದ್ದು ಸಿಗುತ್ತದೆ, ಅದನ್ನೇ ಕೇಳಬೇಕು. ಅದಕ್ಕೆ ಗಾಳಿ ತುಸು ಹೆಚ್ಚು ಬೇಕು.

ಪಿಸಿಡಿಯಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಈಚಿನ ಆಕ್ಟೇವಿಯಾ 5×112, ಸ್ಲಾವಿಯಾ ಮತ್ತು ವರ್ಟಸ್ 5×100, ಸಿವಿಕ್ 5×114.3. 112ರ ಹಬ್ಬಿಗೆ 114.3ರ ರಿಮ್ಮನ್ನು ‘ಎರಡು ಮಿಲಿಮೀಟರ್ ಅಷ್ಟೇ ಅಲ್ಲೇನ್ರಿ’ ಎಂದು ಬೋಲ್ಟು ಗನ್ ಹಿಡಿದು ಬಿಗಿದರೆ ಬೋಲ್ಟುಗಳು ಓರೆಯಾಗಿ ಕೂರುತ್ತವೆ, ದಾರಿಯಲ್ಲಿ ಸಡಿಲಾಗುತ್ತವೆ. ಇದು ಸದ್ದಿನ ತೊಂದರೆ ಅಲ್ಲ, ಗಾಲಿ ಕಳಚುವ ತೊಂದರೆ. ನಡುತೂತು ಸ್ಕೋಡಾ, ಫೋಕ್ಸ್‌ವ್ಯಾಗನ್‌ನ ಈ ಕಾರುಗಳಲ್ಲಿ 57.1 ಮಿ.ಮೀ., ಸಿವಿಕ್‌ನಲ್ಲಿ 64.1. ಹೊರಗಿನ ಅಲಾಯ್‌ಗಳಲ್ಲಿ ಬಹಳಷ್ಟು 73.1ರವು. ನಡುವಿನ ಸಂದಿಗೆ ಸರಿಯಾದ ಅಳತೆಯ ಹಬ್ ರಿಂಗ್ ಹಾಕದಿದ್ದರೆ 80–100 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಇನ್ನೊಂದು ಸೂಕ್ಷ್ಮ: ಸ್ಕೋಡಾ, ಫೋಕ್ಸ್‌ವ್ಯಾಗನ್ ಬೋಲ್ಟು, ಹೋಂಡಾ ನಟ್ಟುಗಳ ತಳ ಗುಂಡಗೆ, ಹೊರಗಿನ ಅಲಾಯ್‌ಗಳ ತೂತು ಸಾಮಾನ್ಯವಾಗಿ 60 ಡಿಗ್ರಿ ಇಳಿಜಾರಿನದು. ಹಳೆಯ ಬೋಲ್ಟನ್ನೇ ಹಾಕಿದರೆ ಅದು ಒಂದು ಗೆರೆಯಷ್ಟೇ ತಾಗಿ ನಿಲ್ಲುತ್ತದೆ. ಹೊಸ ಬೋಲ್ಟು, ನಟ್ಟಿನ ಸೆಟ್ಟು ಅಲಾಯ್ ಜೊತೆಗೇ ಬರಬೇಕು.

ಈಗ ಕೂಡಿಸಿ ನೋಡುವ ಕೆಲಸ. ನಾಲ್ಕೂ ರಿಮ್ಮಿಗೆ ಟೈರು ಹತ್ತಿಸಿ, ಬಿಲ್ಲು ಮಾಡಿ, ಆಮೇಲೆ ಕಾರಿಗೆ ಹಾಕುವ ಪದ್ಧತಿಯೇ ತಪ್ಪು. ಟೈರು ಹತ್ತಿಸಿದ ರಿಮ್ಮನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲು ಬರಿ ರಿಮ್ಮೊಂದನ್ನು ಮುಂದಿನ ಹಬ್ಬಿಗೆ ಏರಿಸಿ, ಎರಡು ಮೂರು ಬೋಲ್ಟು ಕೈಯಿಂದಲೇ ಹಾಕಿ ತಿರುಗಿಸಬೇಕು. ಬೋಲ್ಟು ಬಿಗಿಯಾಗುವ ಮುನ್ನ ಕನಿಷ್ಠ 8 ಸುತ್ತು ಹೋಗಬೇಕು. ಬ್ರೇಕ್ ಕ್ಯಾಲಿಪರ್ ಮತ್ತು ರಿಮ್ಮಿನ ಕಡ್ಡಿಗಳ ನಡುವೆ 3 ಮಿ.ಮೀ. ಸಂದಿ ಇರಬೇಕು; ಆಕ್ಟೇವಿಯಾ ಆರ್‌ಎಸ್‌ನಂತಹ ದೊಡ್ಡ ಬ್ರೇಕಿನ ಕಾರಿನಲ್ಲಿ ಜೆ, ಇಟಿ ಸರಿ ಇದ್ದರೂ ಕಡ್ಡಿಯ ಡೊಂಕಿನಿಂದಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಒಂದಕ್ಕಷ್ಟೇ ಟೈರು ಹತ್ತಿಸಿ ಗಾಳಿ ತುಂಬಿ ಹಾಕಿ. ಕಾರನ್ನು ಜಾಕ್‌ನಿಂದ ಪೂರ್ತಿ ಇಳಿಸಿ. ಜಾಕ್ ಮೇಲೆ ಗಾಲಿ ಜೋತುಬಿದ್ದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಒಳಗಡೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮತ್ತು ಟೈರಿನ ನಡುವೆ 5 ಮಿ.ಮೀ.ಗಿಂತ ಕಡಿಮೆ ಇರಬಾರದು.

ಬಳಿಕ ಲೈನರಿಗೂ ಫೆಂಡರಿನ ಒಳ ಮಡಿಕೆಗೂ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ, ಮುಂದೊಮ್ಮೆ ಹಿಂದೊಮ್ಮೆ ನಡೆಸಿ. ಮುಂದಿನ ಒಂದು ಗಾಲಿಯನ್ನು ಸುಮಾರು 150 ಮಿ.ಮೀ. ಎತ್ತರದ ಗಟ್ಟಿ ದಿಮ್ಮಿಯ ಮೇಲೆ ಹತ್ತಿಸಿ ಮತ್ತೆ ತಿರುಗಿಸಿ. ಅದೇ ಗಾಲಿಯನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ, ಡಿಕ್ಕಿಗೆ 50 ಕೆ.ಜಿ.ಯ ಸಿಮೆಂಟ್ ಚೀಲವೊಂದನ್ನು ಇಟ್ಟು, ಹಂಪ್ ಒಂದನ್ನು ಓರೆಯಾಗಿ ನಿಧಾನ ಹತ್ತಿಸಿ ಇಳಿಸಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ತಿಕ್ಕುತ್ತಿದೆ. ಒಬ್ಬ ಹುಡುಗ, ಒಂದು ತಾಸು, ಇಷ್ಟೇ ಖರ್ಚು. ಇದನ್ನು ಮಾಡಲೊಪ್ಪದ ಅಂಗಡಿಗೆ ಮುಂಗಡ ಕೊಡದಿರುವುದೇ ಲೇಸು.

ತಿಕ್ಕಿದ ಗುರುತುಗಳೆಲ್ಲ ಒಂದೇ ತೂಕದವಲ್ಲ. ಪೂರ್ತಿ ತಿರುಗಿಸಿ ರಿವರ್ಸ್ ಹೋಗುವಾಗಷ್ಟೇ ಮುಂದಿನ ಲೈನರಿಗೆ ತಾಗಿದರೆ ದೊಡ್ಡ ವಿಷಯವಲ್ಲ. ಹೀಟ್ ಗನ್ನಿನಿಂದ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಒಳಗೆ ಒತ್ತಬಹುದು, ಹಿಂದೆ ವೈರಿಂಗ್ ಹೋಗಿದೆಯೇ ಎಂದು ಮೊದಲು ನೋಡಿಕೊಂಡು. ಹಿಂದಿನ ಟೈರಿನ ಹೊರ ಭುಜದ ಸುತ್ತ ಚಾಕುವಿನಿಂದ ಗೀರಿದಂತೆ ಗೆರೆ ಬಿದ್ದಿದ್ದರೆ ಫೆಂಡರಿನ ಮಡಿಕೆ ರಬ್ಬರನ್ನು ಕೊಯ್ಯುತ್ತಿದೆ; ಇದನ್ನು ಒಂದು ದಿನವೂ ಬಿಡಬಾರದು. ಟೈರಿನ ಒಳಮೈ ಪಾಲಿಶ್ ಹಾಕಿದಂತೆ ಹೊಳೆಯುತ್ತಿದ್ದರೆ ಅದು ಸ್ಟ್ರಟ್‌ಗೆ ತಿಕ್ಕುತ್ತಿದೆ. ಕಣ್ಣಿಗೆ ಕಾಣದ ಜಾಗ, ಸದ್ದೂ ಕಡಿಮೆ, ಹೈವೇಯಲ್ಲಿ ಟೈರು ಒಡೆಯುವುದು ಇಂಥದರಿಂದಲೇ. ವಾರದ ನಂತರ ಕಾರನ್ನು ಪಿಟ್ ಮೇಲೆ ನಿಲ್ಲಿಸಿ ಒಳಮೈಗೆ ಟಾರ್ಚ್ ಹಿಡಿದು ನೋಡಲೇಬೇಕು.

ಪರಿಹಾರಕ್ಕೂ ಒಂದು ಕ್ರಮವಿದೆ, ನಮ್ಮಲ್ಲಿ ಅದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಟೈರಿನ ಅಗಲವನ್ನು ಒಂದು ಮೆಟ್ಟಿಲು ಇಳಿಸಬೇಕು: 225ರ ಬದಲು 215. ಆಗಲೂ ಒಳಗೆ ತಿಕ್ಕಿದರೆ ಸ್ಪೇಸರ್, ಅಂದರೆ ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆ. 5 ಮಿ.ಮೀ. ಸ್ಪೇಸರ್ ಹಾಕಿದರೆ ಬೋಲ್ಟು ಅಷ್ಟೇ 5 ಮಿ.ಮೀ. ಉದ್ದದ್ದು ಬೇಕು, ಹಬ್ಬಿನ ಕಂಠದ ಮೇಲೆ ರಿಮ್ಮು ಕೂರುವಷ್ಟು ಜಾಗ ಉಳಿದಿದೆಯೇ ನೋಡಬೇಕು. ಅದಕ್ಕಿಂತ ದಪ್ಪದ್ದಾದರೆ ಸ್ಪೇಸರಿಗೇ ಸ್ವಂತ ಕಂಠ ಇರಬೇಕು. ಹೊರಗೆ ತಿಕ್ಕುವ ಗಾಲಿಗೆ ಸ್ಪೇಸರ್ ಹಾಕಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಫೆಂಡರಿನ ಮಡಿಕೆಯನ್ನು ಒಳಗೆ ಮಡಚುವುದು ಕೊನೆಯ ದಾರಿ. ಅದಕ್ಕೆ ಹಬ್ಬಿಗೆ ಬಿಗಿಯುವ ರೋಲರ್ ಬೇಕು. ಬಣ್ಣವನ್ನು ಹೀಟ್ ಗನ್ನಿನಿಂದ ಬಿಸಿಯಾಗಿಡುತ್ತ ನಾಲ್ಕೈದು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಸುತ್ತಿಗೆ ಹಿಡಿದು ತಣ್ಣಗಿನ ತಗಡಿಗೆ ಬಡಿದರೆ ಬಣ್ಣ ಸೀಳುತ್ತದೆ, ಒಳಗಿನ ಸೀಲಂಟ್ ಬಿರಿಯುತ್ತದೆ, ಎರಡು ಮಳೆಗಾಲದಲ್ಲಿ ತುಕ್ಕು ಹೊರಗಿಣುಕುತ್ತದೆ. ಇನ್ನು ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವುದು ಪರಿಹಾರವೇ ಅಲ್ಲ; ಆ ಸುರುಳಿ ಕೆಲಸ ಮಾಡದೆ ಪಕ್ಕದ ಸುರುಳಿಗಳ ಮೇಲೆ ಭಾರ ಬೀಳುತ್ತದೆ. ಕಾರನ್ನು ತಗ್ಗಿಸುವ ಸ್ಪ್ರಿಂಗ್ ಹಾಕಿಸಿದವರು, ಸಾಮಾನ್ಯವಾಗಿ 30 ಮಿ.ಮೀ., ಒಂದು ತಿಳಿಯಬೇಕು: ಪೂರ್ತಿ ಕುಸಿದಾಗ ಗಾಲಿ ತಲುಪುವ ಜಾಗ ಮೊದಲಿನದೇ, ಆದರೆ ಅಲ್ಲಿಗೆ ದಿನಕ್ಕೆ ಹತ್ತಾರು ಸಲ ತಲುಪುತ್ತದೆ.

ನಮ್ಮ ಸೀಮೆಯದೇ ಒಂದು ಪೀಡೆ ಎರೆಮಣ್ಣು. ಮಳೆಗಾಲದಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಹೊಲದ ದಾರಿಗಿಳಿದು ಬಂದ ಕಾರಿನ ರಿಮ್ಮಿನ ಒಳಸುತ್ತಿಗೆ ಈ ಮಣ್ಣು ಮೆತ್ತಿಕೊಂಡು ಒಣಗಿದರೆ ಕಲ್ಲು. 80ಕ್ಕೆ ಸ್ಟಿಯರಿಂಗ್ ನಡುಗುತ್ತದೆ, ಅಲಾಯ್ ಬೆಂಡಾಗಿದೆ ಎಂದು ಮಾಲೀಕ ಗಾಬರಿಯಾಗುತ್ತಾನೆ. ಲೈನರಿನ ಹಿಂದೆ ತುಂಬಿದ ಮಣ್ಣು ಲೈನರನ್ನೇ ಟೈರಿನತ್ತ ದಬ್ಬಿ, ಮೊನ್ನೆಯವರೆಗೂ ತಿಕ್ಕದ ಗಾಲಿ ಇಂದು ತಿಕ್ಕತೊಡಗುತ್ತದೆ. ಗಾಲಿ ಬಿಚ್ಚಿ ಒಳಸುತ್ತನ್ನು ಜೋರು ನೀರಿನಿಂದ ತೊಳೆಸದೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕುವುದು ದಂಡದ ಖರ್ಚು.

17 ಸಾಕೋ 18 ಬೇಕೋ ಎಂದರೆ ನಮ್ಮ ಮಾತು 17ರ ಕಡೆಗೇ. 225/40 ಆರ್18ರ ಪಕ್ಕೆ ಬರಿ 90 ಮಿ.ಮೀ.; 205/55 ಆರ್16ರದ್ದು 113. ಆ 23 ಮಿ.ಮೀ. ರಬ್ಬರೇ ಗುಂಡಿಯ ಏಟನ್ನು ನುಂಗುತ್ತಿದ್ದದ್ದು. ಅದಿಲ್ಲದಿದ್ದರೆ ಪಕ್ಕೆ ಊದುತ್ತದೆ, ರಿಮ್ಮು ಡೊಂಕಾಗುತ್ತದೆ. ದಿನಾ ರಾಷ್ಟ್ರೀಯ ಹೆದ್ದಾರಿ 48ರಲ್ಲಷ್ಟೇ ಓಡುವವರ ಮಾತು ಬೇರೆ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. ಅದೇ ಮಾದರಿಯ ಮೇಲಿನ ಆವೃತ್ತಿಗೆ ಕಂಪನಿಯೇ ಕೊಟ್ಟ ಅಳತೆಯೊಳಗಿದ್ದರೆ ತಲೆನೋವು ಕಡಿಮೆ. ವಿಮೆ ಕಂಪನಿಗೆ ಬಿಲ್ಲಿನ ಪ್ರತಿ ಸಮೇತ ತಿಳಿಸಿಬಿಡಿ. ಕ್ಲೇಮಿನ ಹೊತ್ತಿಗೆ ತಕರಾರು ಬರುವುದು ಇಲ್ಲೇ. ರಿಮ್ಮಿನ ಮೇಲೆ ಐಎಸ್‌ಐ ಗುರುತು ನೋಡಿ ಕೊಳ್ಳಿ.

ಬೋಲ್ಟುಗಳನ್ನು ಗನ್ನಿನಿಂದಲೇ ಮುಗಿಸಲು ಬಿಡಬೇಡಿ. ಕೊನೆಯ ಬಿಗಿತ ಟಾರ್ಕ್ ಪಾನಾದಿಂದ (ಬಿಗಿತ ಅಳೆಯುವ ಪಾನಾ), ನಕ್ಷತ್ರದ ಕ್ರಮದಲ್ಲಿ: ಈ ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಿಗೆ 120 ನ್ಯೂಟನ್ ಮೀಟರ್, ಹೋಂಡಾಕ್ಕೆ 108. ಹೊಸ ಅಲಾಯ್ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿಸಬೇಕು. ಗದಗಿನವರೆಗೆ ಒಮ್ಮೆ ಹೋದರೆ ಆಯಿತು.

ಕೊನೆಯದಾಗಿ ಮಹಾನಗರ ಪಾಲಿಕೆಗೂ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99ರ ಪ್ರಕಾರ ಹಂಪ್‌ನ ಎತ್ತರ 10 ಸೆಂ.ಮೀ., ಉದ್ದ 3.7 ಮೀಟರ್. ನಮ್ಮ ಬಡಾವಣೆಗಳ ಒಳರಸ್ತೆಗಳಲ್ಲಿ ಒಂದು ಬುಟ್ಟಿ ಡಾಂಬರು ಸುರಿದು ಕಟ್ಟಿದ ಗೋಡೆಯಂಥ ಹಂಪ್‌ಗಳಿಗೆ ಕಂಪನಿಯ ಮೂಲ ಗಾಲಿಯ ಕಾರೂ ತಳ ತಾಗಿಸಿಕೊಳ್ಳುತ್ತದೆ. ಅವನ್ನು ಅಳೆದು ಈ ಅಳತೆಗೆ ತರಿಸಲಿ.

– ವ್ಹೀಲ್ ಅಲೈನ್‌ಮೆಂಟ್ ಕೆಲಸಗಾರರು, ಗೋಕುಲ ರಸ್ತೆ, ಹುಬ್ಬಳ್ಳಿ