ಹಡಗಿನ ಬಾಗಿಲಿಗೂ ತೋರಣ

ಈ ಸಂಚಿಕೆಯ ಸಂಪಾದಕೀಯವನ್ನು ಬಂಗಾರಪೇಟೆಯ ದೊಡ್ಡಮ್ಮನ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಡಿಸೆಂಬರ್ ರಜೆಗೆ ಊರಿಗೆ ಬಂದರೆ ಅವರೆಕಾಯಿಯ ಕಾಲ ಸಿಗುತ್ತದೆ. ವಿಮಾನಕ್ಕೆ ತೆತ್ತ ದುಡ್ಡಿಗೆ ಅದೇ ಸಮಾಧಾನ. ನೆನೆಸಿದ ಕಾಳನ್ನು ದೊಡ್ಡಮ್ಮ ಎರಡು ಬೆರಳುಗಳ ನಡುವೆ ಹಿಡಿದು ಹಿದುಕುತ್ತಾರೆ. ಬೇಳೆ ಚಿಮ್ಮಿ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಕೈ ನಿಲ್ಲಿಸದೆ, ನಮ್ಮ ಸಂಘದವರು ಫ್ಲಾರಿಡಾದಿಂದ ಹಡಗಿನಲ್ಲಿ ಹೋಗಿಬಂದ ಚಿತ್ರಗಳನ್ನು ನನ್ನ ಮೊಬೈಲಿನಲ್ಲಿ ನೋಡುತ್ತಿದ್ದರು. ಸಮುದ್ರ ಕಂಡಾಗ ಮಾತಿಲ್ಲ, ಊಟದ ಮೇಜು ಕಂಡಾಗಲೂ ಇಲ್ಲ. ಕೋಣೆಗಳ ಸಾಲು ಬಂದಾಗ ಕೈ ನಿಂತಿತು.

"ಇದೇನೇ, ಬಾಗಿಲ ತುಂಬ ಬಣ್ಣದ ಚಿತ್ರ ಅಂಟಿಸಿದ್ದಾರೆ? ನಾಲ್ಕು ದಿನ ಮಲಗೆದ್ದು ಹೋಗುವ ಕೋಣೆಗೆ ಇಷ್ಟು ಶೃಂಗಾರವೇಕೆ?"

ಗುರುತಿಗೆ ಎಂದೆ. ಹಡಗು ಹತ್ತಿದವರೆಲ್ಲ ಹೇಳುವ ಉತ್ತರ ಅದು, ಸುಳ್ಳೂ ಅಲ್ಲ. 2024ರಲ್ಲಿ ಪ್ರಯಾಣ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ಹಡಗಿನ ಉದ್ದ ಸುಮಾರು 365 ಮೀಟರ್, ಕೋಣೆಗಳು 2,805. ನಾವು ಹತ್ತಿದ್ದು ಅಷ್ಟು ದೊಡ್ಡದಲ್ಲ, ಆದರೂ ಲಿಫ್ಟಿನಿಂದ ಹೊರಬಂದರೆ ಹಡಗಿನ ಮೂತಿ ಯಾವ ಕಡೆ, ಬಾಲ ಯಾವ ಕಡೆ ಎಂದು ತಿಳಿಯುತ್ತಿರಲಿಲ್ಲ. ಓಣಿಗೆ ಕಿಟಕಿಯೇ ಇಲ್ಲ. ಎರಡೂ ಬದಿಗೆ ಒಂದೇ ಬಣ್ಣದ, ಒಂದೇ ಹಿಡಿಯ ಬಾಗಿಲುಗಳು. ಕೆಲವು ಹಡಗುಗಳಲ್ಲಿ ನೆಲದ ಜಮಖಾನದ ಮೇಲೆ ಮೀನುಗಳನ್ನು ಬಿಡಿಸಿ, ಅವೆಲ್ಲ ಮೂತಿಯ ಕಡೆಗೇ ಈಜುವಂತೆ ಮಾಡಿರುತ್ತಾರೆ. ಮೀನನ್ನು ನಂಬಿ ನಡೆಯಬೇಕು.

ದೊಡ್ಡಮ್ಮ ಅಂಟಿಸಿದ್ದಾರೆ ಎಂದರಲ್ಲ, ಅದು ತಪ್ಪು. ಗೋಂದು, ಟೇಪು ಕೂಡದು. ಬಣ್ಣ ಕಿತ್ತು ಬರುತ್ತದೆ. ಬಾಗಿಲು ಮರದಂತೆ ಕಂಡರೂ ಸಾಮಾನ್ಯವಾಗಿ ಉಕ್ಕಿನದು, ಆದ್ದರಿಂದ ಅಯಸ್ಕಾಂತ ಹಿಡಿಯುತ್ತದೆ. ಉಕ್ಕೇ ಏಕೆ ಎಂದರೆ ಬೆಂಕಿಯ ಭಯ. ಸುತ್ತ ನೀರಿದ್ದರೂ ಹಡಗಿನವರಿಗೆ ದೊಡ್ಡ ಶತ್ರು ಬೆಂಕಿಯೇ. 1934ರಲ್ಲಿ ನ್ಯೂಜೆರ್ಸಿಯ ಕರಾವಳಿಯಲ್ಲಿ 'ಮೊರೊ ಕ್ಯಾಸಲ್' ಹಡಗು ಹೊತ್ತಿ ಉರಿದು 137 ಮಂದಿ ಸತ್ತರು. ಮರದ ಒಳಾಂಗಣಕ್ಕೆ ಕಿಚ್ಚು ಸರಸರನೆ ಹಬ್ಬಿತ್ತು. ಹಡಗಿನ ಒಳಗೆ ಏನಿರಬೇಕು, ಏನಿರಬಾರದು ಎಂಬ ನಿಯಮಗಳು ಬಿಗಿಯಾದದ್ದು ಅಂಥ ದುರಂತಗಳಿಂದ. ಇಷ್ಟಾದರೂ 2006ರಲ್ಲಿ 'ಸ್ಟಾರ್ ಪ್ರಿನ್ಸೆಸ್' ಹಡಗಿನ ಬಾಲ್ಕನಿಗಳ ಸಾಲೇ ಸುಟ್ಟುಹೋಯಿತು. ಆರಿಸದೆ ಎಸೆದ ಸಿಗರೇಟೇ ಕಾರಣವಿರಬೇಕು ಎಂದು ತನಿಖೆ ಹೇಳಿತು. ಆದ್ದರಿಂದ ಬಾಗಿಲಿಗೆ ದೀಪದ ಸರ ಬೇಡ, ಕಾಗದದ ಮಾಲೆ ಬೇಡ ಎಂದು ಸಿಬ್ಬಂದಿ ಹೇಳಿದರೆ ಮುಖ ಊದಿಸಿಕೊಳ್ಳಬಾರದು.

ಊದಿಸಿಕೊಂಡವಳು ನಾನೇ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬೆಳೆದವಳಿಗೆ ತೋರಣವಿಲ್ಲದ ಬಾಗಿಲು ಬೋಳು. ಕಾಗದದಲ್ಲಿ ಎಲೆ ಕತ್ತರಿಸಿ, ದಾರಕ್ಕೆ ಪೋಣಿಸಿ, ಬಾಗಿಲಿನ ಮೇಲಿಂದ ಓಣಿಗೆ ಇಳಿಬಿಟ್ಟಿದ್ದೆ. ಸಂಜೆಯೊಳಗೆ ಕೋಣೆ ನೋಡಿಕೊಳ್ಳುವ ಹುಡುಗ ನಗುನಗುತ್ತಲೇ ತೆಗೆಸಿದ. ರಾತ್ರಿ ಕುಳಿತು, ಹುಟ್ಟುಹಬ್ಬಕ್ಕೆಂದು ಯಾರೋ ತಂದಿದ್ದ ಅಯಸ್ಕಾಂತದ ಹಾಳೆಯಲ್ಲಿ ಹನ್ನೊಂದು ಎಲೆಗಳನ್ನು ಕತ್ತರಿಸಿ, ಮಕ್ಕಳ ಹಸಿರು ಬಣ್ಣ ಬಳಿದು ಸಾಲಾಗಿ ಕೂರಿಸಿದೆ. ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಹನ್ನೊಂದರಲ್ಲಿ ಎರಡು ಹಲಸಿನೆಲೆಯಂತೆ ಕಾಣುತ್ತಿದ್ದವು, ಅದು ಬೇರೆ ಮಾತು.

ಡಿಸ್ನಿಯ ಹಡಗುಗಳಲ್ಲಿ ಈ ಹುಚ್ಚು ಇನ್ನೂ ಮುಂದೆ ಹೋಗಿದೆ. ಅಲ್ಲಿ ಬಾಗಿಲ ಪಕ್ಕ ಚೀಟಿ ಸಿಕ್ಕಿಸಲು ಮೀನಿನ ಆಕಾರದ ಲೋಹದ ತುಂಡಿರುತ್ತದೆ. ಪ್ರಯಾಣಿಕರು ಅದಕ್ಕೆ ಬಟ್ಟೆಯ ಜೇಬುಗಳ ಸರ ತೂಗುಹಾಕಿ, ಮೊದಲೇ ಮಾತಾಡಿಕೊಂಡ ಅಪರಿಚಿತರ ಜೇಬಿಗೆ ಚಿಕ್ಕಪುಟ್ಟ ಉಡುಗೊರೆ ಹಾಕಿ ಬರುತ್ತಾರೆ. ಸಂಕ್ರಾಂತಿಗೆ ಎಳ್ಳು ಬೀರಿದಂತೆಯೇ. ಹಡಗಿನ ಬಾಗಿಲಿಗೆ ತಲೆಕೆಳಗಾದ ಅನಾನಸ್ ಚಿತ್ರ ಮಾತ್ರ ಹಾಕಬೇಡಿ. ಅದರ ಅರ್ಥವನ್ನು ಕುಟುಂಬದವರೆಲ್ಲ ಓದುವ ಈ ಪತ್ರಿಕೆಯಲ್ಲಿ ವಿವರಿಸಲಾರೆ.

ಇಷ್ಟೆಲ್ಲ ಹೇಳಿದರೂ ದೊಡ್ಡಮ್ಮ ಒಪ್ಪಲಿಲ್ಲ. "ಗುರುತಿಗೆ ಎಂದರೆ ನಂಬರ್ ಇರುವುದಿಲ್ಲವೇ?"

ಅವರಿಗೆ ಸಾಲುಬಾಗಿಲು ಹೊಸದಲ್ಲ. ದೊಡ್ಡಪ್ಪ ಕೋಲಾರ ಚಿನ್ನದ ಗಣಿಯಲ್ಲಿದ್ದರು. ಗಣಿ 2001ರಲ್ಲಿ ಮುಚ್ಚುವುದಕ್ಕೆ ಎಷ್ಟೋ ವರ್ಷ ಮೊದಲು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿ ಸಂಸಾರ ಹೂಡಿದ್ದರು. ಒಂದೇ ಅಚ್ಚಿನ ಮನೆಗಳ ಸಾಲು. ರಾತ್ರಿ ಪಾಳಿ ಮುಗಿಸಿ ಬಂದ ದೊಡ್ಡಪ್ಪ ಒಮ್ಮೆ ಪಕ್ಕದ ಮನೆಯ ಕದ ತಟ್ಟಿದ್ದರು ಎಂಬುದು ನಮ್ಮ ಮನೆತನದ ಹಳೆಯ ನಗೆ. ಮರುದಿನವೇ ದೊಡ್ಡಮ್ಮ ಬಾಗಿಲ ಇಕ್ಕೆಲಕ್ಕೆ ಕೆಮ್ಮಣ್ಣು ಬಳಿದು ಸುಣ್ಣದ ಪಟ್ಟಿ ಎಳೆದರು ಎಂದು ಕೇಳಿಕೊಂಡೇ ನಾನು ಬೆಳೆದದ್ದು.

"ನೀವೂ ಗುರುತಿಗೇ ಬಳಿದದ್ದು ತಾನೇ, ದೊಡ್ಡಮ್ಮ?"

"ಅದು ನಿನ್ನ ದೊಡ್ಡಪ್ಪ ಕಟ್ಟಿದ ಕಥೆ. ಎದುರುಮನೆಯವಳು ಹಬ್ಬಕ್ಕೆ ಬಳಿದಿದ್ದಳು, ಚೆನ್ನಾಗಿ ಕಾಣುತ್ತಿತ್ತು. ನಾನು ಬಿಡುತ್ತೇನೆಯೇ? ಡಿಸೆಂಬರಿನಲ್ಲಿ ಕ್ರೈಸ್ತರ ಮನೆಯವರು ನಕ್ಷತ್ರ ಕಟ್ಟಿದರೆ, ಜನವರಿಯಲ್ಲಿ ನಾವು ಹೊಸ್ತಿಲಿನಿಂದ ಬೀದಿಯವರೆಗೆ ರಂಗೋಲಿ ಬಿಡುತ್ತಿದ್ದೆವು."

ಆಗ ನನಗೆ ಹಡಗಿನ ನಮ್ಮ ಓಣಿ ನೆನಪಾಯಿತು. ಮೊದಲ ದಿನ ಅಲಂಕಾರವಿದ್ದದ್ದು ಮೂರು ಬಾಗಿಲಿಗೆ: ಒಂದು ಮದುವೆಯ ವರ್ಷಾಚರಣೆ, ಒಂದು ಹುಟ್ಟುಹಬ್ಬ, ಮತ್ತೊಂದು ಸುಮ್ಮನೆ. ನನ್ನ ಎಲೆಗಳು ಏರಿದ ಮರುದಿನ ಎದುರು ಕೋಣೆಯ ಅಜ್ಜಿ ಮೂರು ಚಿಟ್ಟೆಗಳನ್ನು ಕೂರಿಸಿದರು. ನಾಲ್ಕನೆಯ ದಿನಕ್ಕೆ ಬೋಳು ಬಾಗಿಲುಗಳನ್ನೇ ಎಣಿಸಬಹುದಿತ್ತು. ಅಷ್ಟು ಹೊತ್ತಿಗೆ ದಾರಿ ಎಲ್ಲರಿಗೂ ಬಾಯಿಪಾಠವಾಗಿತ್ತು! ಕೋಣೆಯ ಒಳಗೆ ಕುಳಿತವರಿಗಂತೂ ಬಾಗಿಲ ಹೊರಮೈ ಕಾಣುವುದೂ ಇಲ್ಲ.

ದೊಡ್ಡಮ್ಮ ಮತ್ತೆ ಕಾಳಿಗೆ ಕೈ ಹಾಕಿ ಕೇಳಿದರು, "ತೋರಣವೇನೋ ಆಯಿತು. ಹೊಸ್ತಿಲು ಇತ್ತೇ ಆ ಕೋಣೆಗೆ?"

"ಕೋಣೆಗಿರಲಿಲ್ಲ, ನೀರು ಹೊರಗೆ ಬರದಿರಲೆಂದು ಬಚ್ಚಲಿಗಿತ್ತು. ಮೊದಲ ರಾತ್ರಿಯೇ ಎಡವಿದೆ."

"ಬಚ್ಚಲಿಗೆ ಹೊಸ್ತಿಲಂತೆ," ಎಂದು ನಗುತ್ತಾ ಅರ್ಧ ಕಾಳನ್ನು ನನ್ನ ಮುಂದೆ ಸುರಿದರು.