ಕಂಠ ಅಂದ್ರ ಗಂಟಲಲ್ಲೇನ್ರಿ ಸಿಸ್ಟರ್?

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ವಿಚಾರ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಡಾಕ್ಟರು ಬರೆಯುತ್ತಾರೆ, ಅಧಿಕಾರಿಗಳು ಹೇಳುತ್ತಾರೆ. ಸೂಜಿ ಹಿಡಿಯುವವರು ಬರೆದದ್ದು ಮಾತ್ರ ನನಗೆ ಕಾಣಲಿಲ್ಲ. ನಾನು 31 ವರ್ಷ ಸೂಜಿ ಹಿಡಿದವಳು. ಗುರುಮಠಕಲ್ ಕಡೆಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಊರವರ ಬಾಯಲ್ಲಿ ಈಗಲೂ ಸಿಸ್ಟರೇ.

ಕಳೆದ ವರ್ಷ ಪರಿಚಯದ ಟೀಚರ್ ಒಬ್ಬರು ಕರೆದರು ಅಂತ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಎಂಟನೇ ತರಗತಿ ಹುಡುಗಿಯರು. ಗೋಡೆ ಮೇಲೆ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಒಂದು ಪೋಸ್ಟರ್ ಅಂಟಿಸಿದ್ದರು. ನಾನು ಹತ್ತು ನಿಮಿಷ ಮಾತಾಡಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಕಂಠ ಅಂದ್ರ ಗಂಟಲಲ್ಲೇನ್ರಿ ಸಿಸ್ಟರ್?" ಯಾರೂ ನಗಲಿಲ್ಲ. ಎಲ್ಲರಿಗೂ ಅದೇ ಅನುಮಾನ ಇತ್ತು ಅಂತ ಆಗ ಗೊತ್ತಾಯಿತು. ದಿನಾ ಪದ್ಯ ಕಂಠಪಾಠ ಮಾಡುವ ಮಕ್ಕಳು, ಅವರದೇನು ತಪ್ಪು?

ಬೋರ್ಡ್ ಮೇಲೆ ಒಂದು ತಂಬಿಗೆ ಬರೆದೆ, ಬೋರಲು ಹಾಕಿದ ಹಾಗೆ. ಮೇಲಿನದು ಗರ್ಭಚೀಲ, ಕೆಳಗೆ ಕಿರಿದಾಗಿರುವುದು ಅದರ ಬಾಯಿ. ಆ ಬಾಯಿಗೆ ಬರುವ ಕ್ಯಾನ್ಸರ್ ಇದು ಅಂದೆ. ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ. ಮದುವೆಯಾದ ಮೇಲೆ ಗಂಡನಿಂದ ಹೆಂಡತಿಗೆ ತಗಲಬಹುದು. ಬಹಳಷ್ಟು ಜನರಿಗೆ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಒಳಗೇ ಉಳಿದು ಹದಿನೈದು ಇಪ್ಪತ್ತು ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ವೈರಸ್ ತಗಲುವ ಮೊದಲೇ ಲಸಿಕೆ ಬಿದ್ದರೆ ಕೆಲಸ ಮಾಡುತ್ತದೆ, ಅದಕ್ಕೇ 9ರಿಂದ 14 ವರ್ಷದ ಒಳಗೆ. ಇಷ್ಟು ಹೇಳಲು ಗರ್ಭಕಂಠ ಅನ್ನುವ ಶಬ್ದ ಒಂದು ಸಲವೂ ಬೇಕಾಗಲಿಲ್ಲ. ಗರ್ಭಚೀಲದ ಬಾಯಿ ಅಂದರೆ ಅಜ್ಜಿಗೂ ತಿಳಿಯುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 1 ಲಕ್ಷ 20 ಸಾವಿರಕ್ಕೂ ಜಾಸ್ತಿ ಹೆಂಗಸರಿಗೆ ಬರುವ, 75 ಸಾವಿರಕ್ಕೂ ಹೆಚ್ಚು ಜನ ಸಾಯುವ ಕಾಯಿಲೆಯ ಹೆಸರು ತಿಳಿಯುವ ಹಾಗಿರಬೇಕಲ್ವಾ?

ತಾಯಂದಿರ ಪ್ರಶ್ನೆ ಬೇರೆ. "ಇಷ್ಟು ಸಣ್ಣ ಹುಡುಗಿಗೆ ಈಗ್ಯಾಕ?" ಅಂತ ಒಬ್ಬರು. ಪೋಲಿಯೊ ಬಂದ ಮೇಲೆ ಹನಿ ಹಾಕ್ತೀವೇನಮ್ಮಾ ಅಂದೆ, ಒಪ್ಪಿದರು. ಇನ್ನೊಬ್ಬರು ಎಲ್ಲರೂ ಎದ್ದು ಹೋಗುವವರೆಗೆ ಕಾದು ನನ್ನ ಸೆರಗು ಹಿಡಿದು ಕೇಳಿದರು, "ಹಾಕಿಸಿದ್ರ ಮುಂದ ಮಕ್ಕಳಾಗಂಗಿಲ್ಲಂತ, ಖರೇನ ಅಕ್ಕಾ?" ಖರೆ ಅಲ್ಲ. ಆದರೆ ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಮೈಕ್ ಹಿಡಿದು ಅರ್ಧ ಗಂಟೆ ಭಾಷಣ ಮಾಡಿ ಜೀಪು ಹತ್ತಿ ಹೋದವರಿಗೆ ಇದು ಕೇಳಿಸುವುದೂ ಇಲ್ಲ. ಅದು ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂದಾಗ ನೋಡಿದ್ದೇನೆ. ಒಂದು ಶಾಲೆಯಲ್ಲಿ ನಾನು ಲಸಿಕೆ ಪೆಟ್ಟಿಗೆ ಇಳಿಸುವ ಹೊತ್ತಿಗೆ ಅಪ್ಪಂದಿರು ಬೈಕಿನಲ್ಲಿ ಬಂದು ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಹಿಂದಿನ ವಾರ ಯಾರೂ ಅವರ ಜೊತೆ ಮಾತಾಡಿರಲಿಲ್ಲ. ಒಪ್ಪಿಗೆ ಚೀಟಿ ಕೊಟ್ಟು ಕಳಿಸಿದ್ದರು, ಓದಲು ಬಾರದ ಮನೆಗೆ. ನಮ್ಮ ಕಡೆ ತೆಲುಗು ಮನೆಗಳಿವೆ, ಲಂಬಾಣಿ ತಾಂಡಾಗಳಿವೆ. ಅಲ್ಲಿಯ ಆಶಾ ಕಾರ್ಯಕರ್ತೆ ಅವರ ಮಾತಿನಲ್ಲೇ ಚೀಟಿ ಓದಿ ಹೇಳಬೇಕು. ಬೇಡ ಅಂದರೆ ಬೇಡ ಅಂತ ಬರೆದುಕೊಂಡು ಬರಬೇಕು, ಆಮೇಲೆ ಮತ್ತೊಮ್ಮೆ ಹೋಗಬೇಕು. ಹೆಡ್‌ಮಾಸ್ತರರು ಎಲ್ಲರ ಪರವಾಗಿ ಸಹಿ ಹಾಕಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಪಕ್ಕದ ರಾಜ್ಯದ ಖಮ್ಮಂನಲ್ಲಿ 2009ರಲ್ಲಿ ಹಾಗೇ ಆಯಿತು. ಇದೇ ಲಸಿಕೆಯ ಯೋಜನೆ, ಆಶ್ರಮ ಶಾಲೆಗಳ ಬುಡಕಟ್ಟು ಹುಡುಗಿಯರು, ಎಷ್ಟೋ ಕಡೆ ವಾರ್ಡನ್‌ಗಳದೇ ಸಹಿ. ಆಮೇಲೆ ಅಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಸೇರಿ ಏಳು ಹುಡುಗಿಯರು ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧ ಇಲ್ಲ ಅಂತ ತನಿಖೆ ಹೇಳಿತು. ಯಾರು ಕೇಳುತ್ತಾರೆ? ಅಪ್ಪ ಅಮ್ಮನನ್ನು ಕೇಳದೆ ಚುಚ್ಚಿದ್ದರಲ್ಲ. 2010ರ ಏಪ್ರಿಲ್‌ನಲ್ಲಿ ಎಲ್ಲ ನಿಂತಿತು. ಆ ಭಯದ ತುಣುಕುಗಳು ಬೀಗರ ಮನೆಗಳಿಂದ ನಮ್ಮ ಊರುಗಳಿಗೂ ಬಂದಿದ್ದವು.

ಲಸಿಕೆಯ ದಿನದ ಬಗ್ಗೆ ಒಂದು ಮಾತು. ಇದು ಯಾವ ಕೈಪಿಡಿಗಿಂತಲೂ ಚೆನ್ನಾಗಿ ನನಗೆ ಗೊತ್ತಿದೆ ಅಂತ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಹತ್ತನೇ ತರಗತಿಗೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ ಲಸಿಕೆ) ಚುಚ್ಚಲು ಹೋದಾಗ ಒಮ್ಮೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ವರಾಂಡದಲ್ಲಿ ಸಾಲು ನಿಲ್ಲಿಸಿದರು. ಅರ್ಧ ಹುಡುಗಿಯರು ಬರೀ ಚಹಾ ಕುಡಿದು ಬಂದಿದ್ದರು. ಮೂರನೆಯವಳು ದಪ್ ಅಂತ ಬಿದ್ದಳು. ಅವಳನ್ನು ನೋಡಿ ಸಾಲಿನಲ್ಲಿದ್ದ ನಾಲ್ವರು ಕೂತುಬಿಟ್ಟರು, ಅವರಿಗೆ ಇನ್ನೂ ಸೂಜಿ ಮುಟ್ಟಿಯೇ ಇರಲಿಲ್ಲ! ಮಾರನೇ ದಿನ ಊರಲ್ಲಿ ಐದು ಹುಡುಗಿಯರಿಗೆ ಇಂಜೆಕ್ಷನ್ ರಿಯಾಕ್ಷನ್ ಆಯಿತಂತೆ ಅಂತ ಸುದ್ದಿ. ಅವತ್ತಿನಿಂದ ನನ್ನದೊಂದೇ ಪದ್ಧತಿ. ಬಿಸಿಯೂಟ ಆದ ಮೇಲೆ ಚುಚ್ಚುವುದು. ಒಂದು ಬಾಗಿಲಿಂದ ಒಳಗೆ, ಇನ್ನೊಂದು ಬಾಗಿಲಿಂದ ಹೊರಗೆ. ಕಾಯುವವರ ಕಣ್ಣಿಗೆ ಸೂಜಿ ಕಾಣಬಾರದು. ಕೂರಿಸಿಯೇ ಹಾಕುವುದು, ಹಾಕಿದ ಮೇಲೆ ಅರ್ಧ ಗಂಟೆ ಪಕ್ಕದ ಕೋಣೆಯಲ್ಲಿ ಚಾಪೆ ಮೇಲೆ ಕೂರಿಸುವುದು. ಅಲ್ಲೊಬ್ಬ ಟೀಚರ್ ಹಾಡೋ ಒಗಟೋ ಏನಾದರೂ ನಡೆಸುತ್ತಿರಬೇಕು. ಆಮೇಲೆ ಒಬ್ಬಳೂ ಬೀಳಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಬಿದ್ದರು. ಆದರೆ ಒಬ್ಬಳು ಬಿದ್ದರೆ ಒಬ್ಬಳೇ.

ಸಣ್ಣ ವಿಷಯ ಅನ್ನಿಸಬಹುದು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಕಾರ್ಮೆನ್ ದೆ ಬೊಲಿವಾರ್ ಎಂಬ ಊರಿದೆ. 2014ರಲ್ಲಿ ಅಲ್ಲಿ ಎಚ್‌ಪಿವಿ ಲಸಿಕೆ ಹಾಕಿಸಿಕೊಂಡಿದ್ದ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ತಲೆ ಸುತ್ತಿ ಬಿದ್ದರು, ನೂರಾರು ಮಂದಿ. ಅದರ ವಿಡಿಯೊ ದೇಶ ತುಂಬಾ ಹರಿದಾಡಿತು. ಪರೀಕ್ಷೆ ಮಾಡಿದವರು ಲಸಿಕೆಯಿಂದ ಆದದ್ದಲ್ಲ, ಒಬ್ಬರ ಭಯ ಇನ್ನೊಬ್ಬರಿಗೆ ಹತ್ತಿದ್ದು ಅಂದರು. ಮೊದಲು ನೂರಕ್ಕೆ 90ಕ್ಕೂ ಹೆಚ್ಚು ಹುಡುಗಿಯರು ಹಾಕಿಸಿಕೊಳ್ಳುತ್ತಿದ್ದ ದೇಶದಲ್ಲಿ 2016ರ ಹೊತ್ತಿಗೆ ಅದು 14ಕ್ಕೆ ಇಳಿದಿತ್ತು.

ಇನ್ನು ನಾನು ಈ ಪತ್ರ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಶಾಲೆಯಲ್ಲಿ ಲಸಿಕೆ ಹಾಕುವುದು ಸರಿಯಾದ ದಾರಿ, ಅದರಲ್ಲಿ ಅನುಮಾನವೇ ಇಲ್ಲ. 2018ರಲ್ಲಿ ಸಿಕ್ಕಿಂ ರಾಜ್ಯ ಹೀಗೇ ಶಾಲೆಗಳ ಮೂಲಕ 9ರಿಂದ 13 ವರ್ಷದ ಸುಮಾರು 25 ಸಾವಿರ ಹುಡುಗಿಯರನ್ನು ಮುಟ್ಟಿತು, ನೂರಕ್ಕೆ 95ಕ್ಕೂ ಜಾಸ್ತಿ. ಆದರೆ ನೂರರ ಲೆಕ್ಕ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದು ಮುಖ್ಯ. ಹಾಜರಿ ಪುಸ್ತಕದಿಂದಲೋ, ಊರಿನಿಂದಲೋ?

ನಮ್ಮ ಯಾದಗಿರಿಯಲ್ಲಿ ಹತ್ತಿ ಒಡೆದರೆ ಶಾಲೆಯ ಬೆಂಚುಗಳು ಖಾಲಿ. ಬೆಳಿಗ್ಗೆ ಏಳಕ್ಕೇ ಟಂಟಂ ಬಂದು ನಿಲ್ಲುತ್ತದೆ, ಅಮ್ಮಂದಿರ ಜೊತೆ ಹನ್ನೆರಡು ಹದಿಮೂರರ ಹುಡುಗಿಯರೂ ಹತ್ತುತ್ತಾರೆ. ಹತ್ತಿ ಬಿಡಿಸಲು ಸಣ್ಣ ಬೆರಳೇ ಒಳ್ಳೆಯದಂತೆ. ಇನ್ನು ಕೆಲವು ಮನೆಗಳಿಗೆ ಬೀಗ. ಬೆಂಗಳೂರು, ಹೈದರಾಬಾದ್, ಮುಂಬೈ ಅಂತ ಗುಳೆ ಹೋಗಿರುತ್ತಾರೆ. ತಮ್ಮನನ್ನು ನೋಡಿಕೊಳ್ಳಲು ಏಳನೇ ತರಗತಿಗೇ ಶಾಲೆ ಬಿಟ್ಟವಳ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಬೇಗ ಮದುವೆ ಆಗುವವಳೂ ಅವಳೇ. ಮೂವತ್ತೈದು ನಲವತ್ತಕ್ಕೆ ಬಿಳಿ ಮುಟ್ಟು ಅಂತ ನಾಚಿಕೊಂಡು ನಮ್ಮ ಹತ್ತಿರ ಬರುವವಳೂ ಅವಳೇ. ಎಷ್ಟು ಜನ ಅಂಥವರನ್ನು ದೊಡ್ಡಾಸ್ಪತ್ರೆಗೆ ಹೋಗಮ್ಮಾ ಅಂತ ಕಳಿಸಿದ್ದೇನೋ ಲೆಕ್ಕವಿಲ್ಲ. ಕೂಲಿ ಬಿಟ್ಟು ಹೋದವರು ಕಡಿಮೆ.

ಆಫ್ರಿಕಾದ ರುವಾಂಡಾ ಬಡ ದೇಶ. 2011ರಲ್ಲಿ ಅಲ್ಲಿ ಪ್ರಾಥಮಿಕ ಆರನೇ ತರಗತಿಯ ಹುಡುಗಿಯರಿಗೆ ಶಾಲೆಯಲ್ಲೇ ಶುರು ಮಾಡಿದರು. ಆಗ ಮೂರು ಡೋಸ್, ಆದರೂ ನೂರಕ್ಕೆ 93 ಮಂದಿಗೆ ಮೂರೂ ಮುಗಿಸಿದರು. ಅವತ್ತು ಶಾಲೆಗೆ ಬಾರದವರನ್ನೂ ಶಾಲೆಗೇ ಹೋಗದವರನ್ನೂ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಹುಡುಕಿ ತಂದರು. ಈಗ ಒಂದೇ ಡೋಸ್ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಹೇಳಿದೆ. ನಮಗಂತೂ ಆಶಾ ಇದ್ದಾರೆ, ಅಂಗನವಾಡಿ ಇದೆ. ಕೂಸುಗಳಿಗೆ ಡ್ಯೂ ಲಿಸ್ಟ್, ಅಂದರೆ ಲಸಿಕೆ ಬಾಕಿ ಇರುವವರ ಪಟ್ಟಿ, ಮಾಡುವ ಹಾಗೆ 9ರಿಂದ 14ರ ಹುಡುಗಿಯರದೂ ಮನೆ ಮನೆ ಸುತ್ತಿ ಒಂದು ಪಟ್ಟಿ ಮಾಡಬೇಕು. ಶಾಲೆಯಲ್ಲಿ ಹಾಕಿದವರ ಹೆಸರು ಹೊಡೆದು ಹಾಕಿ, ಉಳಿದವರಿಗೆ ಉಪಕೇಂದ್ರದಲ್ಲಿ ಗುರುವಾರವೋ ಸಂಜೆಯೋ ಹಾಕಬೇಕು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಷ್ಟು ಹಾಕಿದಿರಿ ಅಂತ ಕೇಳುವ ಬದಲು ಉಳಿದವರ ಹೆಸರು ಓದಿ ಅಂತ ಒಮ್ಮೆ ಕೇಳಿ ನೋಡಲಿ.

ಹಾಗೇ ಶಾಲಾ ಲಸಿಕೆಯ ತಾರೀಖನ್ನು ಬೆಂಗಳೂರಲ್ಲಿ ಕೂತು ನವೆಂಬರ್, ಡಿಸೆಂಬರ್ ಅಂತ ಗೊತ್ತು ಮಾಡಬೇಡಿ. ನಮ್ಮ ಕಡೆಗೆ ಜುಲೈ, ಆಗಸ್ಟ್. ಹತ್ತಿ ಇನ್ನೂ ಒಡೆದಿರುವುದಿಲ್ಲ, ಹುಡುಗಿಯರು ಬೆಂಚಿನ ಮೇಲಿರುತ್ತಾರೆ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ
ಗುರುಮಠಕಲ್ ತಾಲ್ಲೂಕು, ಯಾದಗಿರಿ ಜಿಲ್ಲೆ